ಓದುಗರ ಪ್ರಶ್ನೆ: ಸಿಡಿಲಿನ ಅರಸ ಶಾಂಗೊ ಮತ್ತು ಅವನ ಇಬ್ಬಾಯಿ ಕೊಡಲಿ

ಕಳೆದ ಸಂಚಿಕೆಯಲ್ಲಿ ನೈಜೀರಿಯಾದ ಯೊರುಬಾ ಜನರ ಮರದ ಕೆತ್ತನೆಯೊಂದರ ಚಿತ್ರವನ್ನು ಎರಡು ಸಾಲಿನ ಅಡಿಬರಹದೊಂದಿಗೆ ಪ್ರಕಟಿಸಿದ್ದೆವು. ಮಂಡಿಯೂರಿ ಕುಳಿತ ಹೆಂಗಸೊಬ್ಬಳ ತಲೆಯ ಮೇಲೆ ಎರಡೂ ಬದಿಗೆ ಅಲಗುಳ್ಳ ಕೊಡಲಿ ನಿಂತಿರುವ ಆ ಚಿತ್ರ ಅನೇಕ ಓದುಗರ ಕುತೂಹಲವನ್ನು ಕೆರಳಿಸಿದೆ. ಬಂದ ಪತ್ರಗಳೆಲ್ಲ ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳುತ್ತಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಶಾಂಗೊ ಗಂಡು ದೇವರು ಎಂದು ಅಡಿಬರಹದಲ್ಲಿದೆ, ಕೆತ್ತನೆಯಲ್ಲಿರುವುದು ಹೆಣ್ಣು. ಅವಳು ಯಾರು? ಕೊಡಲಿ ಕೈಯಲ್ಲಿರದೆ ತಲೆಯ ಮೇಲೇಕಿದೆ? (ಸಾಗರದ ಓದುಗರು)

ಉತ್ತರ: ಕೆತ್ತನೆಯಲ್ಲಿರುವವಳು ದೇವರನ್ನು ಹೊತ್ತ ಭಕ್ತೆ. ಇಂತಹ ಕೆತ್ತನೆಗೆ ಯೊರುಬಾ ಭಾಷೆಯಲ್ಲಿ ‘ಒಶೆ ಶಾಂಗೊ’ ಎಂದು ಹೆಸರು. ಇದು ಗುಡಿಯಲ್ಲಿ ಸುಮ್ಮನೆ ನಿಲ್ಲಿಸುವ ವಿಗ್ರಹವಲ್ಲ, ಹಬ್ಬದ ದಿನ ಶಾಂಗೊವಿನ ಭಕ್ತರು ಕೈಯಲ್ಲಿ ಹಿಡಿದು ಕುಣಿಯುವ ಕೋಲು. ಕುಣಿಯುವವರು ಅದನ್ನು ಮಿಂಚಿನಂತೆ ಫಕ್ಕನೆ ಮುಂದಕ್ಕೆ ಬೀಸುತ್ತಾರೆ, ಹೊಡೆತ ಬಿದ್ದೇಬಿಟ್ಟಿತು ಎನ್ನುವಷ್ಟರಲ್ಲಿ ಹಿಂದಕ್ಕೆಳೆದುಕೊಂಡು ಎದೆಗೆ ಒತ್ತಿಕೊಳ್ಳುತ್ತಾರೆ. ಸಿಡಿಲಿನ ಬೆದರಿಕೆಯೂ ಅದರ ತಡೆಯೂ ಒಂದೇ ಚಲನೆಯಲ್ಲಿ ಅಡಗಿರುವ ಈ ಕುಣಿತವನ್ನು ಮನಸ್ಸಿಗೆ ತಂದುಕೊಳ್ಳದೆ, ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ನಿಂತ ಒಶೆಯನ್ನಷ್ಟೇ ನೋಡಿದರೆ ಅದರ ಅರ್ಧ ಅರ್ಥ ನಮ್ಮ ಕೈಗೆ ಸಿಗುವುದಿಲ್ಲ.

ಕೊಡಲಿ ತಲೆಯ ಮೇಲಿರುವುದಕ್ಕೆ ಗಟ್ಟಿಯಾದ ಕಾರಣವಿದೆ. ಯೊರುಬಾ ನಂಬಿಕೆಯಲ್ಲಿ ತಲೆಗೆ, ಅಂದರೆ ‘ಒರಿ’ಗೆ, ಬಹಳ ದೊಡ್ಡ ಸ್ಥಾನ. ಮನುಷ್ಯನ ಹಣೆಬರಹ ನೆಲೆಸಿರುವುದು ಅಲ್ಲಿ, ದೀಕ್ಷೆಯ ಸಮಯದಲ್ಲಿ ದೇವರನ್ನು ಬರಮಾಡಿಕೊಳ್ಳುವುದೂ ಅಲ್ಲಿಗೇ. ಹೀಗಾಗಿ ಕೆತ್ತನೆಯ ಹೆಂಗಸು ಕೊಡಲಿಯನ್ನು ಕೊಡ ಹೊತ್ತಂತೆ ಹೊತ್ತಿದ್ದಾಳೆ. ಅದು ಭಾರವೂ ಹೌದು, ಕಿರೀಟವೂ ಹೌದು. ಒಳ್ಳೆಯ ಶಿಲ್ಪಿಗಳ ಕೈಯಲ್ಲಿ ಆಕೆಯ ಮುಖ ಎಷ್ಟು ಶಾಂತವಾಗಿರುತ್ತದೆಂದರೆ, ನೆತ್ತಿಯ ಮೇಲಿರುವುದು ಮನೆ ಸುಡುವ ಬೆಂಕಿ ಎಂಬುದನ್ನು ನೋಡುವವರು ನೆನಪಿಸಿಕೊಳ್ಳಬೇಕಾಗುತ್ತದೆ. ಶಾಂಗೊವಿನ ಲಾಂಛನಗಳಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವ ಗುಣ ಇದೇ: ಅವು ಶಕ್ತಿಯನ್ನು ತೋರಿಸುವಾಗಲೆಲ್ಲ ಆ ಶಕ್ತಿಯನ್ನು ಯಾರು ಹೊರುತ್ತಾರೆ, ಯಾರು ತಡೆಯುತ್ತಾರೆ ಎಂಬುದನ್ನೂ ಜೊತೆಗೇ ತೋರಿಸುತ್ತವೆ. ಕೆಲವು ಒಶೆಗಳಲ್ಲಿ ಹೆಂಗಸಿನ ಬೆನ್ನಿಗೆ ಕಟ್ಟಿದ ಕೂಸು ಇರುತ್ತದೆ. ಅವಳಿ ಮಕ್ಕಳನ್ನು ಶಾಂಗೊವಿನ ವಿಶೇಷ ಕೃಪೆಗೆ ಪಾತ್ರರೆಂದು ಯೊರುಬಾ ಜನ ಭಾವಿಸುವುದರಿಂದ, ಎರಡು ಅಲಗುಗಳಲ್ಲಿ ಅವಳಿಗಳ ನೆನಪನ್ನು ಕಾಣುವವರೂ ಇದ್ದಾರೆ. ಲೋಕದಲ್ಲಿ ಅವಳಿಗಳು ಅತಿ ಹೆಚ್ಚು ಪ್ರಮಾಣದಲ್ಲಿ ಹುಟ್ಟುವ ಸಮುದಾಯಗಳಲ್ಲಿ ಯೊರುಬಾ ಸಮುದಾಯವೂ ಒಂದು ಎಂಬುದನ್ನು ಇಲ್ಲಿ ಸೇರಿಸಬಹುದು.

ಪ್ರಶ್ನೆ: ಶಾಂಗೊ ನಿಜವಾಗಿ ಬಾಳಿದ ರಾಜನೆಂದು ಓದಿದ್ದೇನೆ. ರಾಜ ದೇವರಾದದ್ದು ಹೇಗೆ? (ಧಾರವಾಡದ ಓದುಗರು)

ಉತ್ತರ: ಇಂದಿನ ನೈಜೀರಿಯಾದ ನೈಋತ್ಯ ಭಾಗದಲ್ಲಿ ಓಯೊ ಎಂಬ ರಾಜ್ಯವಿತ್ತು. ಅದರ ಅರಸನಿಗೆ ‘ಅಲಾಫಿನ್’ ಎಂಬ ಬಿರುದು. ಅರಮನೆಯ ಒಡೆಯ ಎಂದು ಅದರ ಅರ್ಥ. ಓಯೊದ ಪರಂಪರೆ ಶಾಂಗೊವನ್ನು ಮೊದಮೊದಲ ಅಲಾಫಿನ್‌ಗಳಲ್ಲಿ ಒಬ್ಬನೆಂದು ಎಣಿಸುತ್ತದೆ. ತಂದೆ ಒರಾನ್ಮಿಯಾನ್, ತಾಯಿ ನೆರೆಯ ನೂಪೆ ದೇಶದ ರಾಜಕುಮಾರಿ. ಅಣ್ಣ ಅಜಾಕಾ ಮೃದು ಸ್ವಭಾವದವನೆಂದು ಜನ ಅವನನ್ನು ಕೆಳಗಿಳಿಸಿ ಶಾಂಗೊವನ್ನು ಪಟ್ಟಕ್ಕೇರಿಸಿದರು. ಹೊಸ ಅರಸ ಮಾತಾಡಿದರೆ ಬಾಯಿಂದ ಬೆಂಕಿ, ಹೊಗೆ ಹೊರಡುತ್ತಿತ್ತು ಎನ್ನುತ್ತಾರೆ.

ಅವನ ಅಂತ್ಯದ ಕಥೆ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಪ್ರಚಲಿತವಿದೆ. ಓಯೊದಲ್ಲಿ ಪಾದ್ರಿಯಾಗಿದ್ದ ಸ್ಯಾಮುಯೆಲ್ ಜಾನ್ಸನ್ ಎಂಬ ಯೊರುಬಾ ವಿದ್ವಾಂಸರು ತಮ್ಮ ಜನರ ಬಾಯಿಮಾತಿನ ಚರಿತ್ರೆಯನ್ನು ಸಂಗ್ರಹಿಸಿ 1897ರಲ್ಲಿ ಬರೆದು ಮುಗಿಸಿದರು. ಅವರು ತೀರಿಕೊಂಡು ಇಪ್ಪತ್ತು ವರ್ಷಗಳಾದ ಮೇಲೆ, 1921ರಲ್ಲಿ, ಅವರ ತಮ್ಮನ ಪ್ರಯತ್ನದಿಂದ ಅದು ಅಚ್ಚಾಯಿತು. ಅಲ್ಲಿರುವ ಕಥೆ ಹೀಗಿದೆ. ಸಿಡಿಲನ್ನು ಕರೆಯುವ ಮದ್ದೊಂದನ್ನು ಸಾಧಿಸಿದ್ದ ಶಾಂಗೊ, ಅದರ ಬಲ ಇನ್ನೂ ಉಳಿದಿದೆಯೇ ಎಂದು ಪರೀಕ್ಷಿಸಲು ಅರಮನೆಯ ಬಳಿಯ ಗುಡ್ಡವನ್ನು ಹತ್ತಿದ. ಮದ್ದು ಫಲಿಸಿತು, ಆದರೆ ಬಂದ ಸಿಡಿಲು ಅವನ ಅರಮನೆಗೇ ಎರಗಿ, ಹೆಂಡತಿಯರೂ ಮಕ್ಕಳೂ ಸುಟ್ಟುಹೋದರು. ಎದೆಯೊಡೆದ ಅರಸ ರಾಜ್ಯವನ್ನು ಬಿಟ್ಟು ತಾಯಿಯ ನೂಪೆ ದೇಶದತ್ತ ಹೊರಟ. ಜೊತೆಗೆ ಹೊರಟವರೆಲ್ಲ ಒಬ್ಬೊಬ್ಬರಾಗಿ ಹಿಂದುಳಿದರು. ಕೊನೆಗೆ ಕೊಸೊ ಎಂಬಲ್ಲಿ ‘ಆಯಾನ್’ ಮರಕ್ಕೆ ಅವನು ನೇಣು ಹಾಕಿಕೊಂಡ.

ಇನ್ನೊಂದು ಕಥೆಯಲ್ಲಿ ತಿಮಿ ಮತ್ತು ಗ್ಬೊಂಕಾ ಎಂಬ ಇಬ್ಬರು ಬಲಿಷ್ಠ ಸೇನಾಪತಿಗಳು ಬರುತ್ತಾರೆ. ಇಬ್ಬರ ಬಲಕ್ಕೂ ಅಂಜಿದ ಅರಸ ಅವರನ್ನು ಒಬ್ಬರ ಮೇಲೊಬ್ಬರು ಬೀಳುವಂತೆ ಮಾಡುತ್ತಾನೆ. ಗೆದ್ದು ಬಂದ ಗ್ಬೊಂಕಾ ಸಿಂಹಾಸನಕ್ಕೇ ಸವಾಲು ಹಾಕುತ್ತಾನೆ. ಎರಡು ಕಥೆಗಳೂ ಸೇರುವ ಜಾಗ ಒಂದೇ. ತಾನು ಎಬ್ಬಿಸಿದ ಬೆಂಕಿಯೇ ಅರಸನಿಗೆ ತಿರುಗಿ ಬಂತು.

ನೇಣಿನ ಸುದ್ದಿ ಹಬ್ಬಿದಾಗ ಶತ್ರುಗಳು ಹಂಗಿಸಿದರು. ಶಾಂಗೊವಿನ ಕಡೆಯವರು ಉತ್ತರದ ಬರಿಬಾ ಸೀಮೆಗೆ ಹೋಗಿ ಸಿಡಿಲು ಕರೆಯುವ ವಿದ್ಯೆಯನ್ನು ಕಲಿತು ಬಂದರು, ಹಂಗಿಸಿದವರ ಮನೆಗಳ ಮೇಲೆ ಬೆಂಕಿ ಬಿತ್ತು, ಊರು ನಡುಗಿತು. ಆಗ ಹುಟ್ಟಿದ್ದು ‘ಒಬಾ ಕೊ ಸೊ’ ಎಂಬ ಘೋಷ: ಅರಸ ನೇಣು ಹಾಕಿಕೊಳ್ಳಲಿಲ್ಲ. ಊರಿನ ಹೆಸರನ್ನೂ ಅದೇ ಧ್ವನಿಯಲ್ಲಿ ಕೇಳಬಹುದಾದ್ದರಿಂದ, ‘ಕೊಸೊದ ಅರಸ’ ಎಂಬ ಅರ್ಥವೂ ಅದಕ್ಕೆ ಹೊಂದುತ್ತದೆ. ಸಾವನ್ನು ಅಲ್ಲಗಳೆಯುವ ಮಾತೇ ದೇವರ ಬಿರುದಾಗಿ ನಿಂತದ್ದು ಬೇರೆಲ್ಲೂ ಸುಲಭವಾಗಿ ಕಾಣಸಿಗುವುದಿಲ್ಲ.

ಇದಕ್ಕೂ ಮೊದಲೇ ಯೊರುಬಾ ಜನರಲ್ಲಿ ‘ಜಾಕುತಾ’, ಅಂದರೆ ಕಲ್ಲಿನಿಂದ ಕಾದುವವನು, ಎಂಬ ಸಿಡಿಲಿನ ದೇವರಿದ್ದು, ಅರಸನ ನೆನಪು ಆ ದೇವರಲ್ಲಿ ಬೆರೆತುಹೋಯಿತು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಈ ಅಭಿಪ್ರಾಯ ನಮಗೂ ಒಪ್ಪಿಗೆಯಾಗುತ್ತದೆ. ನಾಲ್ಕು ದಿನಗಳ ಯೊರುಬಾ ವಾರದಲ್ಲಿ ಶಾಂಗೊವಿಗೆ ಸಲ್ಲುವ ದಿನವನ್ನು ಇಂದಿಗೂ ಜಾಕುತಾನ ದಿನವೆಂದೇ ಕರೆಯುತ್ತಾರೆ.

ಓಯೊದ ರಾಜನೀತಿಯಲ್ಲೂ ಈ ಕಥೆಯ ನೆರಳಿತ್ತು. ‘ಓಯೊ ಮೇಸಿ’ ಎಂಬ ಏಳು ಮಂದಿ ಹಿರಿಯರ ಮಂಡಲಿಗೆ ಅರಸ ಬೇಡವೆನಿಸಿದರೆ ಅದರ ಮುಖ್ಯಸ್ಥ ಅವನನ್ನು ತಿರಸ್ಕರಿಸಿ ಸಾರುತ್ತಿದ್ದ. ಗಿಳಿಯ ಮೊಟ್ಟೆಗಳನ್ನು ಕಳುಹಿಸುವುದು ಅದರ ಸಂಕೇತವೆಂದು ಹೇಳುತ್ತಾರೆ. ಆಮೇಲೆ ಅರಸ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳಬೇಕಿತ್ತು. ಅಂತಹ ಸಿಂಹಾಸನವನ್ನು ಏರುವವನು ಕಿರೀಟ ಧರಿಸಲು ಹೋಗುತ್ತಿದ್ದುದು ಕೊಸೊದಲ್ಲಿರುವ ಶಾಂಗೊವಿನ ಸನ್ನಿಧಿಗೆ.

ಪ್ರಶ್ನೆ: ಹಾಗಾದರೆ ಅವನನ್ನು ಯೊರುಬಾ ಜನರ ಇಂದ್ರ ಎನ್ನಬಹುದಲ್ಲವೇ? (ಮೈಸೂರಿನ ಓದುಗರು)

ಉತ್ತರ: ಸಿಡಿಲೊಂದನ್ನು ಬಿಟ್ಟರೆ ಹೋಲಿಕೆ ಹೆಚ್ಚು ದೂರ ಸಾಗುವುದಿಲ್ಲ. ಇಂದ್ರ ವಜ್ರವನ್ನು ಬೀಸುವುದು ವೃತ್ರನನ್ನು ಕೊಂದು ನೀರನ್ನು ಬಿಡಿಸಲಿಕ್ಕೆ, ಶಾಂಗೊ ಕಲ್ಲನ್ನು ಎಸೆಯುವುದು ಸುಳ್ಳು ಹೇಳುವವನ, ಕದಿಯುವವನ, ಮಾಟ ಮಾಡುವವನ ಮನೆಯ ಮೇಲೆ. ಯೊರುಬಾ ಜನರಲ್ಲಿ ಎಲ್ಲಕ್ಕೂ ಮೇಲಿರುವವನು ಒಲೊಡುಮಾರೆ. ಶಾಂಗೊ ಅವನ ಕೆಳಗಿನ ‘ಒರಿಶಾ’ಗಳಲ್ಲಿ, ಅಂದರೆ ದೇವತೆಗಳಲ್ಲಿ, ಒಬ್ಬ, ದೇವತೆಗಳ ರಾಜನೇನೂ ಅಲ್ಲ. ಒಂದು ದೇವತೆಯನ್ನು ತಿಳಿಯಲು ನಮ್ಮದೊಂದು ಹೆಸರನ್ನು ಅಂಟಿಸಿದೊಡನೆ ತಿಳಿಯುವ ಕೆಲಸ ಅಲ್ಲಿಗೇ ನಿಂತುಬಿಡುವ ಅಪಾಯವಿದೆ.

ಪ್ರಶ್ನೆ: ಸಿಡಿಲಿನ ಜೊತೆ ಕಲ್ಲು ಬೀಳುತ್ತದೆ ಎಂಬ ನಂಬಿಕೆ ಅಲ್ಲಿಯೂ ಇದೆಯೇ? ಆ ಕಲ್ಲುಗಳು ಯಾವುವು? (ಬಳ್ಳಾರಿಯ ಓದುಗರು)

ಉತ್ತರ: ಬಳ್ಳಾರಿಯಿಂದಲೇ ಈ ಪ್ರಶ್ನೆ ಬಂದದ್ದು ಸಂತೋಷ, ಏಕೆಂದರೆ ಉತ್ತರದ ಅರ್ಧ ಭಾಗ ನಿಮ್ಮ ಊರಿನ ಪಕ್ಕದಲ್ಲೇ ಇದೆ. ಯೊರುಬಾ ಜನರು ‘ಎದುನ್ ಆರಾ’ ಎಂದು ಕರೆಯುವ ಸಿಡಿಲುಗಲ್ಲುಗಳು ನವಶಿಲಾಯುಗದ ರೈತರು ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು. ಹೊಲ ಉಳುವಾಗಲೂ, ಜಡಿಮಳೆಗೆ ಮೇಲ್ಮಣ್ಣು ಕೊಚ್ಚಿಹೋದಾಗಲೂ ಅವು ಹೊರಬೀಳುತ್ತವೆ. ಗುಡುಗು ಸಿಡಿಲಿನ ಮಳೆ ಸುರಿದ ಮರುದಿನ, ನಿನ್ನೆ ಇಲ್ಲದಿದ್ದ ನುಣುಪಾದ ಕಪ್ಪು ಕಲ್ಲೊಂದು ಹೊಲದಲ್ಲಿ ಕಂಡರೆ ಅದು ಆಕಾಶದಿಂದ ಬಿತ್ತೆಂದು ಭಾವಿಸುವುದು ಸಹಜವೇ. ಯುರೋಪಿನಲ್ಲೂ 18ನೇ ಶತಮಾನದವರೆಗೆ ಇಂತಹ ಕೊಡಲಿಗಳನ್ನು ಸಿಡಿಲಿನ ಕಲ್ಲೆಂದೇ ಜೋಪಾನ ಮಾಡುತ್ತಿದ್ದರು. ಬಳ್ಳಾರಿ ಬಳಿಯ ಸಂಗನಕಲ್ಲು, ಕುಪ್ಪಗಲ್ಲಿನ ಗುಡ್ಡಗಳಲ್ಲಿ ಸುಮಾರು 4000 ವರ್ಷಗಳ ಹಿಂದಿನ ಜನ ಡಾಲರೈಟ್ ಶಿಲೆಯಿಂದ ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದ ಕೊಡಲಿಗಳು ಇದೇ ಬಗೆಯವು. ಎರಡು ನಾಡುಗಳ ನಡುವೆ ಸಂಪರ್ಕವಿತ್ತೆಂದು ಇದರ ಅರ್ಥವಲ್ಲ. ಕಾಡು ಕಡಿದು ಹೊಲ ಮಾಡಿದವರ ಕೈಗೆ ಬೇಕಾದ ಹತಾರ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆಕಾರಕ್ಕೆ ಬಂತು.

ಶಾಂಗೊವಿನ ಗುಡಿಯಲ್ಲಿ ಈ ಕಲ್ಲುಗಳಿಗೇ ಅಗ್ರಸ್ಥಾನ. ಬೋರಲು ಹಾಕಿದ ಒರಳಿನ ಆಕಾರದಲ್ಲಿ ಕೆತ್ತಿದ ಮರದ ಪೀಠದ ಮೇಲೆ ತಟ್ಟೆಯಿಟ್ಟು, ಅದರಲ್ಲಿ ಕಲ್ಲುಗಳನ್ನಿರಿಸಿ, ತಾಳೆ ಎಣ್ಣೆ ಎರೆಯುತ್ತಾರೆ, ಬಲಿ ಕೊಟ್ಟ ಟಗರಿನ ರಕ್ತವನ್ನೂ ಎರೆಯುತ್ತಾರೆ. ಒಶೆಯ ಅಲಗುಗಳ ಆಕಾರ ಹುಟ್ಟಿದ್ದು ಕೂಡ ಈ ಕಲ್ಲುಗಳಿಂದಲೇ. ಹಿಂದೆ ಮನೆಗೆ ಸಿಡಿಲು ಬಡಿದರೆ ‘ಮಾಗ್ಬಾ’ ಎಂಬ ಪೂಜಾರಿಗಳು ಬಂದು ನೆಲವನ್ನು ಅಗೆದು ಸಿಡಿಲುಗಲ್ಲನ್ನು ಹೊರತೆಗೆಯುತ್ತಿದ್ದರು. ದೇವರ ಸಿಟ್ಟಿಗೆ ಗುರಿಯಾದ ಮನೆಯವರು ಸಾಂತ್ವನ ಪಡೆಯುವ ಬದಲು ಭಾರಿ ದಂಡ ತೆರಬೇಕಾಗಿತ್ತು, ಸಿಡಿಲಿಗೆ ಸತ್ತವರಿಗಾಗಿ ಬಹಿರಂಗವಾಗಿ ಅಳುವಂತೆಯೂ ಇರಲಿಲ್ಲ. ಈ ಪದ್ಧತಿ ಬಡವರನ್ನು ಹಿಂಡಿದ್ದು ನಿಜ, ಅದನ್ನು ಮುಚ್ಚಿಟ್ಟು ಶಾಂಗೊವನ್ನು ನ್ಯಾಯದ ದೇವರೆಂದು ಮಾತ್ರ ಹೊಗಳುವುದು ಸರಿಯಲ್ಲ.

ಪ್ರಶ್ನೆ: ಕೊಡಲಿ, ಕಲ್ಲುಗಳಲ್ಲದೆ ಬೇರೆ ಯಾವ ಗುರುತುಗಳಿವೆ? (ಶಿವಮೊಗ್ಗದ ಓದುಗರು)

ಉತ್ತರ: ಬಣ್ಣ ಕೆಂಪು ಮತ್ತು ಬಿಳಿ. ಪ್ರಾಣಿ ಟಗರು. ಇತರ ಒರಿಶಾಗಳಿಗೆ ಕೋಲಾ ಬೀಜ ಒಪ್ಪಿಸುವ ಕಡೆ ಶಾಂಗೊವಿಗೆ ‘ಒರೊಗ್ಬೊ’ ಎಂಬ ಕಹಿ ಕೋಲಾ ಸಲ್ಲುತ್ತದೆ. ಊಟಕ್ಕೆ ಒಣಗೆಣಸಿನ ಹಿಟ್ಟಿನ ‘ಅಮಾಲಾ’ ಮುದ್ದೆ, ಜೊತೆಗೆ ಕಾಳಿನ ಸಾರು. ಉದ್ದ ಕತ್ತಿನ ಸೋರೆಬುರುಡೆಯಲ್ಲಿ ಬೀಜ ತುಂಬಿದ ‘ಶೇರೆ’ ಎಂಬ ಗಿಲಕಿಯನ್ನು ಅಲುಗಾಡಿಸಿದರೆ ದೂರದಿಂದ ಬರುವ ಮಳೆಯ ಸದ್ದು ಕೇಳುತ್ತದೆ. ಪೂಜಾರಿ ಸಿಡಿಲುಗಲ್ಲುಗಳನ್ನು ಒಯ್ಯುವ ‘ಲಾಬಾ’ ಎಂಬ ಕೆಂಪು ತೊಗಲಿನ ಚೀಲದ ಮೇಲೆ ಮಿಂಚಿನಂತೆ ಅಂಕುಡೊಂಕಾದ ಆಕೃತಿಗಳನ್ನು ಹೊಲಿದಿರುತ್ತಾರೆ. ಇಬಾದಾನ್ ನಗರದ ಅಗ್ಬೆನಿಯಲ್ಲಿದ್ದ ಶಾಂಗೊವಿನ ಗುಡಿಯನ್ನು 1910ರಲ್ಲಿ ಕಂಡ ಜರ್ಮನ್ ಜನಾಂಗಶಾಸ್ತ್ರಜ್ಞ ಲಿಯೊ ಫ್ರೋಬೆನಿಯಸ್, ಅಲ್ಲಿನ ಕೆತ್ತನೆಯ ಕಂಬಗಳ ಸಾಲಿಗೆ ಬೆರಗಾಗಿ ಬರೆದರು.

ವಾದ್ಯ ‘ಬಾತಾ’. ಒಂದು ತುದಿ ಅಗಲ, ಇನ್ನೊಂದು ಕಿರಿದು, ಎರಡಕ್ಕೂ ತೊಗಲು. ಯೊರುಬಾ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುವುದರಿಂದ, ನುರಿತ ವಾದಕರು ಆ ಏರಿಳಿತವನ್ನು ಚರ್ಮದ ಮೇಲೆ ನುಡಿಸಿ ಶಾಂಗೊವಿನ ಹೊಗಳಿಕೆಯ ಸಾಲುಗಳನ್ನೇ ಹೇಳಿಸಬಲ್ಲರು.

ಪ್ರಶ್ನೆ: ಶಾಂಗೊವಿನ ಗಂಡು ಪೂಜಾರಿಗಳು ಹೆಂಗಸರಂತೆ ಜಡೆ ಹೆಣೆದುಕೊಳ್ಳುವ ಚಿತ್ರ ನೋಡಿದೆ. ಇದು ನಮ್ಮ ಕಡೆಯ ದೈವದ ಆವೇಶದಂತಹುದೇ? (ಮಂಗಳೂರಿನ ಓದುಗರು)

ಉತ್ತರ: ಮೈಮೇಲೆ ದೇವರು ಬರುವವರನ್ನು ‘ಎಲೆಗುನ್’ ಎನ್ನುತ್ತಾರೆ, ದೇವರು ಏರಿದವನು ಎಂಬುದು ಅದರ ಭಾವ. ದೀಕ್ಷೆ ಪಡೆದವರು, ಗಂಡಾಗಲಿ ಹೆಣ್ಣಾಗಲಿ, ಒರಿಶಾನ ಮದುವಣಗಿತ್ತಿ ಎಂದೇ ಕರೆಸಿಕೊಳ್ಳುತ್ತಾರೆ. ಅದಕ್ಕೇ ಗಂಡು ಎಲೆಗುನ್ ಕೂಡ ಹೆಂಗಸರಂತೆ ಜಡೆ ಹೆಣೆಸಿಕೊಂಡು, ಕವಡೆ ಹೊಲಿದ ಲಂಗ ತೊಟ್ಟು ಕುಣಿಯುತ್ತಾನೆ. ಅತಿ ಪ್ರಚಂಡನಾದ ಗಂಡು ದೇವರು ಇಳಿದು ಬರಲು ಒಪ್ಪುವುದು ಹೆಣ್ಣಿನಂತೆ ಸಿಂಗರಿಸಿಕೊಂಡ ಮೈಗೆ ಎಂಬುದು ಮೊದಲ ಪ್ರಶ್ನೆಯ ಕೆತ್ತನೆಯನ್ನು ಮತ್ತೆ ನೆನಪಿಸುತ್ತದೆ. ಒಂದು ಕಾಲದಲ್ಲಿ ಇದಕ್ಕೆ ರಾಜಕೀಯ ಮುಖವೂ ಇತ್ತು: ಓಯೊ ಸಾಮ್ರಾಜ್ಯ ತನ್ನ ಅಧೀನದ ಊರುಗಳಿಗೆ ಕಳುಹಿಸುತ್ತಿದ್ದ ರಾಜಪ್ರತಿನಿಧಿಗಳಲ್ಲಿ ಶಾಂಗೊವಿನ ದೀಕ್ಷೆ ಪಡೆದವರೂ ಇರುತ್ತಿದ್ದರು, ಹಾಗಾಗಿ ಅವರ ಮಾತನ್ನು ಮೀರುವುದೆಂದರೆ ಸಿಡಿಲನ್ನು ಎದುರು ಹಾಕಿಕೊಂಡಂತೆ.

ಮನುಷ್ಯನಾಗಿ ಬಾಳಿ, ದುರಂತದ ಸಾವು ಕಂಡು, ಆಮೇಲೆ ಪೂಜೆಗೊಳ್ಳುವುದು, ಮೈದುಂಬಿದವರ ಬಾಯಿಂದ ಮಾತಾಡುವುದು, ಇವು ತುಳುನಾಡಿನವರಿಗೆ ಪರಿಚಿತವೆನಿಸುವುದು ಸಹಜ. ಸಂಬಂಧ ಇಲ್ಲದಿದ್ದರೂ ಆ ಪರಿಚಯದಿಂದ ನಿಮಗೆ ಶಾಂಗೊ ಇತರರಿಗಿಂತ ಬೇಗ ಅರ್ಥವಾಗಬಹುದು.

ಪ್ರಶ್ನೆ: ಉತ್ತರ ಕನ್ನಡದ ಸಿದ್ದಿ ಜನರಲ್ಲಿ ಶಾಂಗೊವಿನ ಪೂಜೆ ಉಳಿದಿದೆಯೇ? (ಯಲ್ಲಾಪುರದ ಓದುಗರು)

ಉತ್ತರ: ಇಲ್ಲ. ಸಿದ್ದಿಗಳ ಪೂರ್ವಿಕರಲ್ಲಿ ಹೆಚ್ಚಿನವರು ಬಂದದ್ದು ಹಿಂದೂ ಮಹಾಸಾಗರದ ದಾರಿಯಲ್ಲಿ, ಆಫ್ರಿಕಾದ ಪೂರ್ವ ಭಾಗದಿಂದ. ಯೊರುಬಾ ನಾಡು ಇರುವುದು ಖಂಡದ ಪಶ್ಚಿಮದಲ್ಲಿ, ಅಟ್ಲಾಂಟಿಕ್ ಕಡೆಗೆ. ಸಿದ್ದಿಗಳ ಹಿರಿಯರ ಪೂಜೆಯನ್ನೂ ಡಮಾಮಿ ಕುಣಿತವನ್ನೂ ಅವರದೇ ಚರಿತ್ರೆಯಲ್ಲಿಟ್ಟು ನೋಡಬೇಕು.

ಪ್ರಶ್ನೆ: ಕ್ಯೂಬಾದಲ್ಲಿ ಶಾಂಗೊವನ್ನು ಕ್ರೈಸ್ತ ಸಂತಳ ರೂಪದಲ್ಲಿ ಪೂಜಿಸುತ್ತಾರಂತೆ. ಇದು ಹೇಗಾಯಿತು? (ಬೆಂಗಳೂರಿನ ಓದುಗರು)

ಉತ್ತರ: 19ನೇ ಶತಮಾನದ ಮೊದಲ ದಶಕಗಳಲ್ಲಿ ಓಯೊ ಸಾಮ್ರಾಜ್ಯ ಒಳಜಗಳದಿಂದಲೂ ಉತ್ತರದ ದಾಳಿಗಳಿಂದಲೂ ಕುಸಿಯಿತು, 1830ರ ದಶಕದಲ್ಲಿ ಹಳೆಯ ರಾಜಧಾನಿಯನ್ನೇ ತೊರೆದು ಜನ ದಕ್ಷಿಣಕ್ಕೆ ಬಂದರು. ಆ ಯುದ್ಧಗಳಲ್ಲಿ ಸೆರೆಸಿಕ್ಕ ಸಾವಿರಾರು ಯೊರುಬಾ ಜನರನ್ನು ಗುಲಾಮರಾಗಿ ಮಾರಿ ಕ್ಯೂಬಾದ ಕಬ್ಬಿನ ತೋಟಗಳಿಗೂ ಬ್ರೆಜಿಲ್‌ಗೂ ಸಾಗಿಸಲಾಯಿತು. ಓಯೊ ಮುರಿದದ್ದರಿಂದಲೇ ಓಯೊದ ಅರಸ ಸಾಗರವನ್ನು ದಾಟಿದ.

ಕ್ಯೂಬಾದಲ್ಲಿ ಚರ್ಚಿನ ಕಣ್ಣಿನ ಕೆಳಗೆ ಬದುಕಬೇಕಾದವರಿಗೆ ಸಂತ ಬಾರ್ಬರಾಳ ಪಟ ಕಂಡಿತು: ಕೆಂಪು ಮೇಲುಡುಪು, ಕೈಯಲ್ಲಿ ಕತ್ತಿ, ಪಕ್ಕದಲ್ಲಿ ಕೋಟೆಯ ಗೋಪುರ. ಅವಳ ಕಥೆಯಲ್ಲಿ, ನಂಬಿಕೆ ಬಿಡದ ಮಗಳ ತಲೆಯನ್ನು ತಂದೆಯೇ ಕಡಿಯುತ್ತಾನೆ, ಆ ಕ್ಷಣದಲ್ಲೇ ಸಿಡಿಲು ಅವನನ್ನು ಸುಡುತ್ತದೆ. ಅನ್ಯಾಯ ಮಾಡಿದವನ ಮೇಲೆ ಆಕಾಶದಿಂದ ಬೆಂಕಿ ಬೀಳುವುದನ್ನು ಕೇಳಿದ ಯೊರುಬಾ ಕಿವಿಗೆ ಇದು ಯಾರ ಕೆಲಸವೆಂದು ಬೇರೆ ಹೇಳಬೇಕಾಗಿರಲಿಲ್ಲ. ಇಂದಿಗೂ ಡಿಸೆಂಬರ್ 4ರ ಬಾರ್ಬರಾಳ ಹಬ್ಬದ ದಿನ ಕ್ಯೂಬಾದಲ್ಲಿ ಚಾಂಗೊವಿಗೂ (ಶಾಂಗೊವಿಗೆ ಅಲ್ಲಿನ ಹೆಸರು) ಹಬ್ಬ, ಅವನ ಸಂಖ್ಯೆ ಆರು, ಅವನ ಬಾತಾ ಅಲ್ಲಿ ಮೂರು ಮದ್ದಲೆಗಳ ಮೇಳ. ಇದನ್ನು ಬರಿಯ ಮರೆಮಾಚುವಿಕೆ ಎಂದು ಕರೆಯುವುದು ಆ ಜನರ ಬುದ್ಧಿಗೆ ಕಡಿಮೆ ಬೆಲೆ ಕಟ್ಟಿದಂತೆ. ಅವರು ಎರಡು ಕಥೆಗಳನ್ನೂ ಕೇಳಿ, ಹೋಲಿಸಿ, ಸರಿಯಾದ ಕೊಂಡಿಯನ್ನು ಗುರುತಿಸಿದರು.

ಬ್ರೆಜಿಲ್‌ನಲ್ಲಿ ಅವನು ಸಂತ ಜೆರೋಮ್‌ನ ಜೊತೆ ಬೆರೆತ. ರೆಸಿಫೆ ನಗರದ ಕಡೆ ಆಫ್ರಿಕಾ ಮೂಲದ ಇಡೀ ಧರ್ಮಕ್ಕೇ ಅವನ ಹೆಸರು ಬಂತು, ಸಾಲ್ವಡಾರ್ ನಗರದಲ್ಲಿ 1910ರಲ್ಲಿ ಸ್ಥಾಪನೆಯಾದ ಒಪೊ ಅಫೊಂಜಾ ಎಂಬ ಪ್ರಸಿದ್ಧ ದೇವಾಲಯ ಅವನದೇ.

ಪ್ರಶ್ನೆ: ಈಗಿನ ನೈಜೀರಿಯಾದಲ್ಲಿ ಶಾಂಗೊವಿನ ಸ್ಥಾನವೇನು? (ಹಾಸನದ ಓದುಗರು)

ಉತ್ತರ: ಯೊರುಬಾ ಜನರಲ್ಲಿ ಬಹುಪಾಲು ಮಂದಿ ಈಗ ಮುಸಲ್ಮಾನರು ಅಥವಾ ಕ್ರೈಸ್ತರು. ಹಾಗಿದ್ದರೂ ಶಾಂಗೊ ಎಂಬ ಪದ ಸೇರಿರುವ ಮನೆತನದ ಹೆಸರುಗಳು ಉಳಿದಿವೆ, ಓಯೊದಲ್ಲಿ ಪ್ರತಿವರ್ಷ ಆಗಸ್ಟ್ ತಿಂಗಳಲ್ಲಿ ಹತ್ತು ದಿನಗಳ ಹಬ್ಬ ನಡೆಯುತ್ತದೆ. 2023ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ರಂಗಭೂಮಿಯಲ್ಲಿ ಡುರೊ ಲಾಡಿಪೊ ಅವರ ‘ಒಬಾ ಕೊಸೊ’ ಗೀತನಾಟಕ 1960ರ ದಶಕದಲ್ಲಿ ಬರ್ಲಿನ್‌ವರೆಗೂ ಹೋಗಿ ಬಂತು.

ನಮಗೆ ಹೆಚ್ಚು ಇಷ್ಟವಾದ ಸಂಗತಿಯೊಂದಿದೆ. ನೈಜೀರಿಯಾ 1960ರಲ್ಲಿ ಸ್ವತಂತ್ರವಾದ ಬಳಿಕ, ಲಾಗೋಸ್ ನಗರದ ಮರೀನಾ ಬೀದಿಯಲ್ಲಿದ್ದ ವಿದ್ಯುತ್ ನಿಗಮದ ಕೇಂದ್ರ ಕಚೇರಿಗೆ ಒಂದು ಪ್ರತಿಮೆ ಬೇಕೆನಿಸಿತು. ಆ ಕೆಲಸವನ್ನು ವಹಿಸಿಕೊಂಡ ಬೆನ್ ಎನ್ವೊನ್ವು ಯೊರುಬಾ ಮೂಲದವರಲ್ಲ, ಇಗ್ಬೊ ಸಮುದಾಯದವರು. ತಂತಿಯೊಳಗೆ ಹರಿಯುವ ಮಿಂಚಿಗೆ ರೂಪ ಕೊಡಬೇಕಾದಾಗ ಅವರಿಗೆ ನೆನಪಾದದ್ದು ಶಾಂಗೊ. 1964ರಲ್ಲಿ ಅವರು ಎರಕ ಹೊಯ್ದ ಕಂಚಿನ ಅರಸ ಕೊಡಲಿ ಹಿಡಿದು ಆ ಕಟ್ಟಡದ ಮುಂದೆ ನಿಂತ.